ಒಂದ ಕಂಪ್ಯೂಟರ್, ನಾಕ ಮಂದಿ: ಫ್ಲಾಸ್ಕ್‌ನಾಗ ಲಾಗಿನ್ ಮತ್ತ ಸೆಷನ್ ಕೂಡಿಸೋದು ಹೆಂಗ

ಪೈಥಾನ್‌ನಾಗ ವೆಬ್ ಆ್ಯಪ್ ಕಟ್ಟೋ ಸಾಮಾನು ಫ್ಲಾಸ್ಕ್, ಅದಕ್ಕ ಲಾಗಿನ್ ಕೂಡಿಸೋ ಲೈಬ್ರರಿ ಫ್ಲಾಸ್ಕ್-ಲಾಗಿನ್. ಅದನ್ನ ಇನ್‌ಸ್ಟಾಲ್ ಮಾಡೋದು ಐದ ಮಿನಿಟಿನ ಕೆಲಸ, ಯಾರರ ಮಾಡ್ತಾರ. ಖರೇ ಕೆಲಸ ಇರೋದು ಆಮ್ಯಾಲ, ಸೆಟ್ಟಿಂಗ್ ಒಳಗ. ಯಾಕಂದ್ರ ಅದರ ಡೀಫಾಲ್ಟ್ ಎಲ್ಲಾ ನೋಡಿದ್ರ ಒಬ್ಬ ಮನಷಾಗ ಒಂದ ಲ್ಯಾಪ್‌ಟಾಪ್ ಇರೋ ಊರಿಗೆ ಸರಿ ಹೊಂದ್ತಾವು, ನಮ್ಮ ಇಳಕಲ್, ಗುಳೇದಗುಡ್ಡ, ಬನಹಟ್ಟಿ ಅಂಗಡಿಯೊಳಗ ಗಾದಿ ಬಾಜೂಕ ಇರೋದು ಒಂದ ಕಂಪ್ಯೂಟರ್, ಅದರ ಮುಂದ ಮುಂಜಾನೆ ದಿವಾನಜಿ ಕೂಡ್ತಾನ, ಮಧ್ಯಾಹ್ನ ಮಾಲ್ ಎಣಿಸೋ ಹುಡುಗ, ಸಂಜೀಕ ಸಾವಕಾರ, ರಾತ್ರಿ ಸಾವಕಾರನ ಮಗ ಬಂದು ಕ್ರಿಕೆಟ್ ನೋಡ್ತಾನ. ಹಿಂತಾ ಕಡೆ ಡೀಫಾಲ್ಟ್ ಹಂಗ ಬಿಟ್ರ ಲಾಗಿನ್ ಪೇಜ್ ಇದ್ದೂ ಇಲ್ಲದಂಗ.

ಉದಾಹರಣಿಗೆ ಇಳಕಲ್ ಸೀರಿ ಹೋಲ್‌ಸೇಲ್ ಅಂಗಡಿದ ಖಾತೆ ಆ್ಯಪ್ ತಗೋಳೋಣ. ಯಾವ ನೇಕಾರಗ ಎಷ್ಟ ನೂಲು ಹೋತು, ಎಷ್ಟ ಸೀರಿ ನೇಯ್ದ ಬಂದ್ವು, ಮಜೂರಿ ಎಷ್ಟ ಬಾಕಿ, ಇಷ್ಟ. ಹುಡುಗ ಸೀರಿ ಎಂಟ್ರಿ ಮಾಡ್ಬೇಕು ಆದ್ರ ರೇಟ್ ಕಾಣಬಾರದು, ದಿವಾನಜಿ ಮಜೂರಿ ಬರೀಬೇಕು ಆದ್ರ ಹಳೇ ಎಂಟ್ರಿ ಅಳಸಬಾರದು, ಸಾವಕಾರಗ ಎಲ್ಲಾ ಕಾಣ್ಬೇಕು. ಕೋಡಿನ ಹೆಸರು ನಾ ಕನ್ನಡ ಅಕ್ಷರದಾಗ ಬರ್ಕೋತ ಹೋಗ್ತೀನಿ, ನೀವು ಟೈಪ್ ಮಾಡೂಮುಂದ ಇಂಗ್ಲಿಷಿನಾಗ ಹಾಕ್ರಿ, ಅಂಡರ್‌ಸ್ಕೋರ್ ಎಲ್ಲಿ ಐತಿ ಅಲ್ಲೇ ಇರ್ಲಿ.

ಮೊದಲ ಇದ್ದದ್ದು ಏನು ಅಂತ ಎರಡ ಮಾತು. ಎಚ್‌ಟಿಟಿಪಿಗೆ ನೆನಪು ಅನ್ನೋದು ಇಲ್ಲ, ಪ್ರತಿ ರಿಕ್ವೆಸ್ಟ್ ಅದಕ್ಕ ಹೊಸಾ ಗಿರಾಕಿನ. ಅದಕ 1994ರಾಗ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕೀ ಅಂತ ಒಂದ ಉಪಾಯ ತಂದ, ಸರ್ವರ್ ಒಂದ ಚೀಟಿ ಕೊಡ್ತೈತಿ, ಬ್ರೌಸರ್ ಪ್ರತಿ ಸಲ ಅದನ್ನ ತೋರಸ್ತೈತಿ. ಫ್ಲಾಸ್ಕ್ ಸೆಷನ್ ಅಂದ್ರ ಆ ಚೀಟಿನ. ಅದರ ಮ್ಯಾಲ "ಈ ಚೀಟಿ ಯಾವ ಯೂಸರ್‌ದು" ಅಂತ ಬರಿಯೋದು, ಓದೋದು, ಅಳಸೋದು ಫ್ಲಾಸ್ಕ್-ಲಾಗಿನ್ ಕೆಲಸ. ಪಾಸ್‌ವರ್ಡ್ ಸರಿ ಐತೋ ಇಲ್ಲೋ ನೋಡೋದು ಅದರ ಕೆಲಸ ಅಲ್ಲ, ಅದು ನಿಮ್ದು. ಇದನ್ನ ಭಾಳ ಮಂದಿ ತಪ್ಪ ತಿಳ್ಕೋತಾರ.

ಇನ್‌ಸ್ಟಾಲ್

ಪ್ರಾಜೆಕ್ಟ್ ಫೋಲ್ಡರ್ ಒಳಗ ಹೋಗಿ ಟರ್ಮಿನಲ್‌ನಾಗ (ವೆನ್ವ್ ಅಂದ್ರ ಈ ಪ್ರಾಜೆಕ್ಟಿಗಷ್ಟ ಬ್ಯಾರೆ ಇಡೋ ಪೈಥಾನ್ ಜಾಗಾ; ಫ್ಲಾಸ್ಕ್-ಡಬ್ಲ್ಯುಟಿಎಫ್ ಫಾರ್ಮಿಗೆ, ಫ್ಲಾಸ್ಕ್-ಎಸ್‌ಕ್ಯುಎಲ್‌ಆಲ್ಕೆಮಿ ಡೇಟಾಬೇಸಿಗೆ):

ಪೈಥಾನ್3 -ಎಂ ವೆನ್ವ್ ಎನ್ವ್
ಸೋರ್ಸ್ ಎನ್ವ್/ಬಿನ್/ಆಕ್ಟಿವೇಟ್
ಪಿಪ್ ಇನ್‌ಸ್ಟಾಲ್ ಫ್ಲಾಸ್ಕ್ ಫ್ಲಾಸ್ಕ್-ಲಾಗಿನ್ ಫ್ಲಾಸ್ಕ್-ಡಬ್ಲ್ಯುಟಿಎಫ್ ಫ್ಲಾಸ್ಕ್-ಎಸ್‌ಕ್ಯುಎಲ್‌ಆಲ್ಕೆಮಿ

ವಿಂಡೋಸ್ ಇದ್ರ ಎರಡನೇ ಸಾಲಿನ ಬದಲಿಗೆ ಎನ್ವ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರ್‌ದ ಆಕ್ಟಿವೇಟ್ ಓಡಸ್ರಿ, ಪವರ್‌ಶೆಲ್ ತಕರಾರ ಮಾಡಿದ್ರ ಸಾದಾ ಕಮಾಂಡ್ ಪ್ರಾಂಪ್ಟ್ ತಗೋರಿ, ಅದರ ಜೋಡಿ ಜಗಳಾಡ್ಕೋತ ಕೂಡಬ್ಯಾಡ್ರಿ. ಉಬುಂಟು 23.04 ಇಂದ ಈಚೆ ವೆನ್ವ್ ಇಲ್ಲದ ನೇರ ಪಿಪ್ ಹೊಡದ್ರ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಅಂತ ಎರರ್ ಬಂದು ನಿಂದರ್ತೈತಿ, ಅದನ್ನ ಮುರಿಯೋ ಆಪ್ಶನ್ ಹಾಕಿ ಮುಂದ ಹೋಗಬ್ಯಾಡ್ರಿ, ವೆನ್ವ್ ಮಾಡ್ರಿ. ವೆನ್ವ್ ಇಲ್ಲ ಅಂದ್ರ ಪೈಥಾನ್3-ವೆನ್ವ್ ಪ್ಯಾಕೇಜ್ ಆಪ್ಟ್‌ಲಿಂದ ಹಾಕ್ರಿ.

ಹಳೇ ಪ್ರಾಜೆಕ್ಟ್ ಎತ್ಕೊಂಡ ಬಂದೀರಿ ಅಂದ್ರ ಇನ್ನೊಂದ ಐತಿ. ಶುರು ಆಗೂಮುಂದನ "ಯುಆರ್‌ಎಲ್_ಡಿಕೋಡ್ ಇಂಪೋರ್ಟ್ ಆಗವಲ್ದು" ಅಂತ ಬಂದ್ರ ನಿಮ್ಮ ಕೋಡ್ ತಪ್ಪಲ್ಲ, ಫ್ಲಾಸ್ಕ್ ಕೆಳಗ ಕೆಲಸ ಮಾಡೋ ವೆರ್ಕ್‌ಜ್ಯೂಗ್ ಲೈಬ್ರರಿದ 3.0 ಒಳಗ ಅದನ್ನ ತಗದ ಹಾಕಿದ್ರು, ಹಳೇ ಫ್ಲಾಸ್ಕ್-ಲಾಗಿನ್ ಇನ್ನೂ ಅದನ್ನ ಹುಡುಕ್ತೈತಿ. ಫ್ಲಾಸ್ಕ್-ಲಾಗಿನ್ 0.6.3 ಅಥವಾ ಮುಂದಿಂದು ಹಾಕಿದ್ರ ಮುಗೀತು.

ಸೀಕ್ರೆಟ್ ಕೀ

ಕುಕೀ ಮ್ಯಾಲ ಸಹಿ ಹಾಕಾಕ ಬಳಸೋ ಗುಟ್ಟಿನ ಸರ ಇದು. ಇದು ಇಲ್ಲಂದ್ರ ಫ್ಲಾಸ್ಕ್ ಸೆಷನ್ ತಗೀಯಂಗೇ ಇಲ್ಲ, ರನ್‌ಟೈಮ್ ಎರರ್ ಕೊಡ್ತೈತಿ. ಪೈಥಾನ್ ತಗದು ಸೀಕ್ರೆಟ್ಸ್ ಇಂಪೋರ್ಟ್ ಮಾಡಿ ಸೀಕ್ರೆಟ್ಸ್.ಟೋಕನ್_ಹೆಕ್ಸ್() ಅಂತ ಪ್ರಿಂಟ್ ಮಾಡ್ರಿ, 64 ಅಕ್ಷರದ ಸರ ಬರ್ತೈತಿ, ಅದನ್ನ ಒಮ್ಮೆ ಕಾಪಿ ಮಾಡಿ ಎನ್ವಿರಾನ್ಮೆಂಟ್ ವೇರಿಯಬಲ್ ಒಳಗ ಇಟ್ಟು ಆ್ಯಪ್ ಶುರು ಆಗೂಮುಂದ ಅಲ್ಲಿಂದ ಓದಸ್ರಿ. ಗಿಟ್‌ಹಬ್‌ಗೆ ಏರಿಸೋ ಫೈಲಿನಾಗ ಬರೀಬ್ಯಾಡ್ರಿ. ಅಂಗಡಿ ಹೆಸರು, ದೇವರ ಹೆಸರು, "ದೇವ್" ಅಂತ ಹಿಂತಾವೆಲ್ಲಾ ಕೀ ಅಲ್ಲ.

ಕೆಲವರು ಶಾಣ್ಯಾರು ಆ ಟೋಕನ್_ಹೆಕ್ಸ್ ಸಾಲನ್ನ ಕೋಡಿನಾಗನ ಇಡ್ತಾರ, ಪ್ರತಿ ಸಲ ಹೊಸಾ ಕೀ ಅಂತ. ಮನ್ಯಾಗ ಓಡಿಸಿದಾಗ ಏನೂ ಅನಸಂಗಿಲ್ಲ, ಸರ್ವರ್ ಮ್ಯಾಲ ಗುನಿಕಾರ್ನ್ (ಪೈಥಾನ್ ಆ್ಯಪ್ ನಡಸೋ ಪ್ರೋಗ್ರಾಮ್) ನಾಕ ವರ್ಕರ್ ಜೋಡಿ, ಅಂದ್ರ ಒಂದ ಆ್ಯಪಿನ ನಾಕ ಪ್ರತಿ ಮಾಡಿ, ಎಬ್ಬಿಸಿದಾಗ ನೋಡ್ರಿ ಮಜಾ. ಒಬ್ಬೊಬ್ಬ ವರ್ಕರ್‌ಗೆ ಒಂದೊಂದ ಕೀ, ದಿವಾನಜಿ ಲಾಗಿನ್ ಆಗಿದ್ದು ಒಬ್ಬನ ಹಂತ್ಯಾಕ, ಮುಂದಿನ ಕ್ಲಿಕ್ ಹೋಗಿದ್ದು ಇನ್ನೊಬ್ಬನ ಹಂತ್ಯಾಕ, ಅವ "ಈ ಸಹಿ ನಂದಲ್ಲ" ಅಂತ ಹೊರಗ ಹಾಕ್ತಾನ, ರಿಫ್ರೆಶ್ ಮಾಡಿದ್ರ ಒಮ್ಮೆ ಒಳಗ ಒಮ್ಮೆ ಹೊರಗ. ಡೇಟಾಬೇಸ್ ನೋಡ್ತಾರ, ನೆಟ್ ನೋಡ್ತಾರ, ಎಲ್ಲಾ ನೋಡ್ತಾರ, ಕೀ ಒಂದ ಬಿಟ್ಟು. ತಾಸಿಗೊಮ್ಮೆ ತಾನ ಲಾಗೌಟ್, ರಿಸ್ಟಾರ್ಟ್ ಆದಕೂಡ್ಲೇ ಎಲ್ಲಾರೂ ಲಾಗೌಟ್, ಹಿಂಗೇನರ ಕಂಡ್ರ ಮೊದಲ ಕೀ ಕಡೆ ಬೊಟ್ಟ ಮಾಡ್ರಿ. ಕೀ ಬದಲಿ ಮಾಡೋದ ಬಿತ್ತು ಅಂದ್ರ ಫ್ಲಾಸ್ಕ್ 3.1 ಇಂದ ಸೀಕ್ರೆಟ್_ಕೀ_ಫಾಲ್‌ಬ್ಯಾಕ್ಸ್ ಅಂತ ಒಂದ ಪಟ್ಟಿ ಕೊಟ್ಟಾರ, ಹಳೇ ಕೀ ಅದರಾಗ ಇಟ್ರ ಒಳಗ ಇದ್ದವರು ಒಳಗ ಇರ್ತಾರ.

ಇನ್ನ ಆ ಕುಕೀ ಒಳಗ ಏನೈತಿ ಅಂತ ಒಮ್ಮೆ ಕಣ್ಣಲೇ ನೋಡ್ರಿ. ಕ್ರೋಮ್‌ನಾಗ ಎಫ್12 ಒತ್ತಿ, ಆ್ಯಪ್ಲಿಕೇಶನ್ ಟ್ಯಾಬ್, ಕುಕೀಸ್, ಅಲ್ಲಿ ಸೆಷನ್ ಅಂತ ಒಂದ ಉದ್ದ ಸಾಲು ಕಾಣ್ತೈತಿ. ಡಾಟ್ ಹಾಕಿ ಮೂರ ತುಂಡ ಮಾಡಿರ್ತಾರ, ಮೊದಲನೇದು ಡೇಟಾ, ನಡವಿಂದು ಟೈಮ್, ಕಡೀದು ಸಹಿ. ಸಾಲು ಡಾಟ್‌ನಿಂದಲೇ ಶುರು ಆಗಿದ್ರ ಡೇಟಾ ಕಂಪ್ರೆಸ್ ಆಗೈತಿ ಅಂತ ತಿಳ್ಕೋರಿ. ಇದು ಸಿಕ್ಕಾ ಹೊಡದ ಪೋಸ್ಟ್‌ಕಾರ್ಡ್ ಇದ್ದಂಗ, ತಿದ್ದಾಕ ಬರಂಗಿಲ್ಲ, ಓದಾಕ ಯಾರಿಗೂ ಬರ್ತೈತಿ. ಅದಕ ಸೀರಿ ರೇಟು, ನೇಕಾರನ ಬ್ಯಾಂಕ್ ಖಾತೆ ನಂಬರು, ಏನೂ ಸೆಷನ್ ಒಳಗ ಇಡಬ್ಯಾಡ್ರಿ. ಮತ್ತ ಬ್ರೌಸರ್‌ಗಳು ಒಂದ ಕುಕೀಗೆ ಸುಮಾರ 4 ಕೆಬಿ ಜಾಗಾನ ಕೊಡ್ತಾವು, ಇಡೀ ಬಿಲ್ ಅದರಾಗ ತುರಕಿದ್ರ ಹೊಸಾ ಕುಕೀ ಕೂಡಂಗನ ಇಲ್ಲ.

ಲಾಗಿನ್ ಮ್ಯಾನೇಜರ್ ಮತ್ತ ಯೂಸರ್ ಟೇಬಲ್

ಆ್ಯಪ್ ಮಾಡಿದ ಮ್ಯಾಲ ಲಾಗಿನ್‌ಮ್ಯಾನೇಜರ್() ಒಂದ ಮಾಡ್ಕೊಂಡು ಅದಕ್ಕ ಇನಿಟ್_ಆ್ಯಪ್ ಕರೀರಿ. ಲಾಗಿನ್_ವ್ಯೂ ಅನ್ನೋದಕ್ಕ ಲಾಗಿನ್ ಪೇಜಿನ ಫಂಕ್ಷನ್ ಹೆಸರು ಕೊಡ್ರಿ. ಲಾಗಿನ್_ಮೆಸೇಜ್‌ಗೆ "ಮೊದಲ ಲಾಗಿನ್ ಆಗ್ರಿ" ಅಂತ ಕನ್ನಡದಾಗ ಬರದ್ ಬಿಡ್ರಿ, ಇಲ್ಲಂದ್ರ ಇಂಗ್ಲಿಷ್ ಸಾಲು ಬರ್ತೈತಿ, ಹುಡುಗ ಅದನ್ನ ಎರರ್ ಅಂತ ತಿಳ್ಕೊಂಡ ಫೋನ್ ಹಚ್ತಾನ.

ಯೂಸರ್ ಕ್ಲಾಸಿಗೆ ಯೂಸರ್‌ಮಿಕ್ಸಿನ್ ಸೇರಸ್ರಿ. ಟೇಬಲ್ ಒಳಗ ಐಡಿ, ಮೊಬೈಲ್, ಹೆಸರು, ಪಾಸ್‌ವರ್ಡ್ ಹ್ಯಾಶ್ (ತಿರುಗಿ ಪಾಸ್‌ವರ್ಡ್ ಮಾಡಾಕ ಬರದಂಗ ಅರದ ಸಾಲು), ರೋಲ್, ಚಾಲ್ತಿ ಅದಾನೋ ಇಲ್ಲೋ, ಮತ್ತ ಟೋಕನ್ ಅಂತ ಒಂದ ಕಾಲಂ. ಹ್ಯಾಶ್ ಕಾಲಂ 255 ಅಕ್ಷರ ಇಡ್ರಿ. ವೆರ್ಕ್‌ಜ್ಯೂಗ್‌ನ ಜನರೇಟ್_ಪಾಸ್‌ವರ್ಡ್_ಹ್ಯಾಶ್ ಈಗ ಡೀಫಾಲ್ಟ್ ಆಗಿ ಎಸ್‌ಕ್ರಿಪ್ಟ್ ಬಳಸ್ತೈತಿ, ಅದರ ಸಾಲು 162 ಅಕ್ಷರ ಬರ್ತೈತಿ, ಹಳೇ ಟ್ಯುಟೋರಿಯಲ್ ನೋಡಿ 128 ಇಟ್ಟವರ ಕಡೆ ಮೈಎಸ್‌ಕ್ಯುಎಲ್ ಒಂದೋ ಎರರ್ ಕೊಡ್ತೈತಿ, ಇಲ್ಲಾ ಬಾಲ ಕತ್ತರಿಸಿ ಇಡ್ತೈತಿ, ಆಮ್ಯಾಲ ಸರಿ ಪಾಸ್‌ವರ್ಡ್ ಹೊಡದ್ರೂ ತಪ್ಪು ಅಂತೈತಿ. ಬೆಳಗಾವಿ ವಿಟಿಯು ಕೈಕೆಳಗಿನ ಕಾಲೇಜ್ ಪ್ರಾಜೆಕ್ಟ್ ರಿಪೋರ್ಟ್ ಒಳಗ ಇನ್ನೂ ಪಾಸ್‌ವರ್ಡ್ ಹಂಗ ಸಾದಾ ಅಕ್ಷರದಾಗ ಇಟ್ಟ ಟೇಬಲ್ ಸ್ಕ್ರೀನ್‌ಶಾಟ್ ಕಾಣ್ತಾವು. ಮಾರ್ಕ್ಸ್ ಬಂದ್ರೂ ಬರಬಹುದು, ಅಂಗಡಿಗೆ ಅದನ್ನ ಹಾಕಬ್ಯಾಡ್ರಿ.

ಯೂಸರ್‌ನೇಮ್ ಬದಲಿಗೆ ಮೊಬೈಲ್ ನಂಬರ್ ಇಡ್ರಿ ಅಂತ ಯಾಕ ಹೇಳ್ತೀನಿ ಅಂದ್ರ, ಹೆಸರು ಕನ್ನಡದಾಗ ಟೈಪ್ ಮಾಡಿದ್ರ ಕಣ್ಣಿಗೆ ಒಂದ ಇದ್ರೂ ಒಳಗ ಎರಡ ಥರ ಇರಬಹುದು. ಯೂನಿಕೋಡ್‌ನಾಗ "ೊ" ಒಂದ ಕೋಡ್ ಆಗೂ ಬರ್ತೈತಿ, "ೆ" ಮತ್ತ "ೂ" ಕೂಡಿ ಎರಡ ಕೋಡ್ ಆಗೂ ಬರ್ತೈತಿ, ಅದರ ಮ್ಯಾಲ ಕಾಣದಂಗ ಕೂಡೋ ಜೋಡಕ್ಷರದ ಗುರುತು ಬ್ಯಾರೆ. ಕಂಪ್ಯೂಟರ್ ಕೀಬೋರ್ಡಿನಾಗ ಹೆಸರು ಇಟ್ಟು, ಮೊಬೈಲ್ ಕೀಬೋರ್ಡಿನಾಗ ಲಾಗಿನ್ ಆಗಾಕ ಹೋದ್ರ "ಇಂಥಾ ಯೂಸರ್ ಇಲ್ಲ". ಹೆಸರನ ಬೇಕು ಅಂದ್ರ ಇಡೂಮುಂದೂ, ಹುಡುಕೂಮುಂದೂ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಹಾಯಿಸಿ ತಗೋರಿ, ಆ ಕಾಣದ ಗುರುತು ಅದರಲೇ ಹೋಗಂಗಿಲ್ಲ, ಅದನ್ನ ಬ್ಯಾರೆ ತಗದ ಹಾಕ್ರಿ. ನಂಬರಿಗೂ ಒಂದ ಕಿತಾಪತಿ ಐತಿ, ಕೆಲವರ ಕೀಬೋರ್ಡ್ ಕನ್ನಡ ಅಂಕಿ ಹೊಡೀತೈತಿ, ೯ ಮತ್ತ 9 ಒಂದ ಅಲ್ಲ. ಆದ್ರ ಪೈಥಾನ್‌ನ ಇಂಟ್() ಕನ್ನಡ ಅಂಕಿನೂ ಓದ್ತೈತಿ, ಒಮ್ಮೆ ಇಂಟ್ ಮಾಡಿ ತಿರುಗಿ ಸ್ಟ್ರಿಂಗ್ ಮಾಡಿದ್ರ ಸಾದಾ ಅಂಕಿ ಸಿಗ್ತಾವು, ನಮ್ಮ ಮೊಬೈಲ್ ನಂಬರ್ ಸೊನ್ನಿಯಿಂದ ಶುರು ಆಗಂಗಿಲ್ಲ, ಹಂಗಾಗಿ ಏನೂ ಕಳಿಯಂಗಿಲ್ಲ.

ಇನ್ನ ಯೂಸರ್_ಲೋಡರ್. ಪ್ರತಿ ರಿಕ್ವೆಸ್ಟಿಗೆ ಇದು ಓಡಿ ಚೀಟಿ ನೋಡಿ ಯೂಸರ್ ತಂದ ಕೊಡ್ತೈತಿ. ಬರೋ ಐಡಿ ಸ್ಟ್ರಿಂಗ್ ಇರ್ತೈತಿ. ಯೂಸರ್ ಸಿಗಲಿಲ್ಲ ಅಂದ್ರ ನನ್ (None, ಪೈಥಾನ್‌ನಾಗ "ಏನೂ ಇಲ್ಲ" ಅನ್ನೋದು) ಅಂತ ಹಿಂದಕ ಕೊಡ್ರಿ, ಎಕ್ಸೆಪ್ಶನ್ ಎಸೀಬ್ಯಾಡ್ರಿ. ಮತ್ತ ಇಲ್ಲೇ ಚಾಲ್ತಿ ಕಾಲಂ ನೋಡ್ರಿ, ಫಾಲ್ಸ್ ಇದ್ರ ಆಗಲೂ ನನ್. ಯಾಕಂದ್ರ ಚೀಟಿ ಬ್ರೌಸರ್ ಕಡೆ ಐತಿ, ಸರ್ವರ್‌ನಿಂದ ಅದನ್ನ ಕಸಗೊಳ್ಳಾಕ ಬರಂಗಿಲ್ಲ, ದಿವಾನಜಿ ಜಗಳಾಡಿ ಕೆಲಸ ಬಿಟ್ಟು ಎದುರಿನ ಅಂಗಡಿ ಸೇರಿದ ಅಂದ್ರೂ ಅವನ ಮೊಬೈಲಿನ ಕುಕೀ ಹಂಗ ಇರ್ತೈತಿ. ಇದಕ್ಕ ಇನ್ನೂ ಚಲೋ ಉಪಾಯ ಅಂದ್ರ ಆ ಟೋಕನ್ ಕಾಲಂ: ಗೆಟ್_ಐಡಿ ಫಂಕ್ಷನ್ ಒಳಗ ಐಡಿ ಬದಲಿ ಟೋಕನ್ ಕೊಡ್ರಿ, ಲೋಡರ್‌ನಾಗ ಟೋಕನ್ ಮ್ಯಾಲ ಹುಡುಕ್ರಿ. ಪಾಸ್‌ವರ್ಡ್ ಬದಲಿ ಆದಾಗೆಲ್ಲಾ ಟೋಕನ್ ಹೊಸಾದ ಮಾಡಿದ್ರ ಎಲ್ಲಾ ಮಷೀನ್ ಮ್ಯಾಲಿನ ಹಳೇ ಲಾಗಿನ್ ತಾಬಡತೋಬ ಸಾಯ್ತಾವು.

ಲಾಗಿನ್ ರೂಟ್ ಸಣ್ಣದು. ನಂಬರ್ ಮ್ಯಾಲ ಯೂಸರ್ ಹುಡುಕು, ಚೆಕ್_ಪಾಸ್‌ವರ್ಡ್_ಹ್ಯಾಶ್ ಮಾಡು, ಸರಿ ಇದ್ರ ಲಾಗಿನ್_ಯೂಸರ್ ಕರಿ. ತಪ್ಪಿದ್ರ "ನಂಬರ್ ಅಥವಾ ಪಾಸ್‌ವರ್ಡ್ ತಪ್ಪೈತಿ" ಅಂತ ಒಂದ ಮಾತು, ಯಾವುದು ತಪ್ಪು ಅಂತ ಬಿಡಿಸಿ ಹೇಳಬ್ಯಾಡ್ರಿ. ನೆಕ್ಸ್ಟ್ ಅನ್ನೋ ಪ್ಯಾರಾಮೀಟರ್ ನೋಡಿ ಹಿಂದಿನ ಪೇಜಿಗೆ ಕಳಸೋದು ಎಲ್ಲಾರ ಟ್ಯುಟೋರಿಯಲ್‌ನಾಗ ಇರ್ತೈತಿ, ಆದ್ರ ಅದರಾಗ ಬ್ಯಾರೆ ಸೈಟಿನ ವಿಳಾಸ ತುರಕಿ ಲಿಂಕ್ ಕಳಿಸಿದ್ರ ಲಾಗಿನ್ ಆದಕೂಡ್ಲೇ ಮನಷಾ ಅಲ್ಲಿಗೆ ಹೋಗಿ ಬೀಳ್ತಾನ. ಅಂಗಡಿ ಆ್ಯಪಿಗೆ ನೆಕ್ಸ್ಟ್ ಬ್ಯಾಡೇ ಬ್ಯಾಡ, ಸೀದಾ ಮೊದಲನೇ ಪೇಜಿಗೆ ಕಳಸ್ರಿ.

ಕುಕೀ ಸೆಟ್ಟಿಂಗ್, ಇಲ್ಲಿ ಕುಂತ ನೋಡ್ರಿ

ಫ್ಲಾಸ್ಕ್ ಪರ್ಮನೆಂಟ್_ಸೆಷನ್_ಲೈಫ್‌ಟೈಮ್ ಡೀಫಾಲ್ಟ್ 31 ದಿನ. ಫ್ಲಾಸ್ಕ್-ಲಾಗಿನ್ ರಿಮೆಂಬರ್ ಕುಕೀ, ಅಂದ್ರ "ನೆನಪಿಡು" ಅಂದವರಿಗೆ ಕೊಡೋ ಬ್ಯಾರೆ ಚೀಟಿ, ಡೀಫಾಲ್ಟ್ 365 ದಿನ. ನಾಕ ಮಂದಿ ಕೂಡೋ ಕಂಪ್ಯೂಟರ್ ಮ್ಯಾಲ ಸಾವಕಾರ ಒಮ್ಮೆ "ನೆನಪಿಡು" ಟಿಕ್ ಹಾಕಿದ ಅಂದ್ರ ಒಂದ ವರ್ಷ ಎಲ್ಲಾರೂ ಸಾವಕಾರನ. ಅದೂ ಸಾಲದು ಅಂತ ಆ ರಿಮೆಂಬರ್ ಕುಕೀ ಒಳಗ ತಾರೀಕನ ಇರಂಗಿಲ್ಲ, ಯೂಸರ್ ಗುರುತು ಮತ್ತ ಸಹಿ ಅಷ್ಟ, ಯಾರರ ಅದನ್ನ ಕಾಪಿ ಮಾಡಿ ಇಟ್ಕೊಂಡ್ರ ವರ್ಷ ದಾಟಿದ್ರೂ ನಡೀತೈತಿ, ಕೀ ಅಥವಾ ಟೋಕನ್ ಬದಲಿ ಆಗೋಮಟ. ಅದಕ ನನ್ನ ಮಾತು ಇಷ್ಟ: ಲಾಗಿನ್ ಪೇಜಿನಾಗ "ನೆನಪಿಡು" ಬಾಕ್ಸ್ ಇಡಲೇಬ್ಯಾಡ್ರಿ. ಸಾವಕಾರ ಕೇಳ್ತಾನ, ಕೇಳ್ಲಿ.

ಬ್ರೌಸರ್ ಬಂದ್ ಮಾಡಿದ್ರ ಲಾಗೌಟ್ ಆಗ್ತೈತಿ ಅಂತ ನಂಬಬ್ಯಾಡ್ರಿ. ಕ್ರೋಮ್‌ನಾಗ "ಬಿಟ್ಟಲ್ಲಿಂದ ಮುಂದುವರಿಸು" ಆನ್ ಇದ್ರ ಸೆಷನ್ ಕುಕೀನೂ ಉಳಿತಾವು, ಕರೆಂಟ್ ಹೋಗಿ ಬಂದು ಮಷೀನ್ ಎದ್ದಾಗ ದಿವಾನಜಿ ಖಾತೆ ಹಂಗ ತೆರದ ಕುಂತಿರ್ತೈತಿ.

ಹಂಗಾದ್ರ ಏನ ಮಾಡೋದು. ಲಾಗಿನ್_ಯೂಸರ್ ಆದ ಮ್ಯಾಲ ಸೆಷನ್.ಪರ್ಮನೆಂಟ್ = ಟ್ರೂ ಇಡ್ರಿ (ಹೆಸರು ನೋಡಿ ಹೆದರಬ್ಯಾಡ್ರಿ), ಲೈಫ್‌ಟೈಮ್ 20 ಮಿನಿಟ ಮಾಡ್ರಿ. ಪ್ರತಿ ರಿಕ್ವೆಸ್ಟಿಗೆ ಟೈಮ್ ಮತ್ತ ಹೊಸದಾಗಿ ಶುರು ಆಗ್ತೈತಿ, ಅಂದ್ರ ಕೆಲಸ ಮಾಡೋಮಟ ಒಳಗ, 20 ಮಿನಿಟ ಸುಮ್ನ ಬಿಟ್ರ ಹೊರಗ. ಒಂದ ಮಾತ್ರ ನೋಡ್ಕೋರಿ, ಪೇಜಿನಾಗ ಸ್ಟಾಕ್ ತಾನ ಅಪ್‌ಡೇಟ್ ಆಗ್ಲಿ ಅಂತ ಅರ್ಧ ಮಿನಿಟಿಗೊಮ್ಮೆ ಜಾವಾಸ್ಕ್ರಿಪ್ಟ್ ಸರ್ವರ್ ಕೇಳ್ತಿದ್ರ ಆ ಸೆಷನ್ ಎಂದೂ ಸಾಯಂಗಿಲ್ಲ.

20 ಅನ್ನೋದೂ ಶಾಸನ ಅಲ್ಲ. ಶನಿವಾರ ಮಜೂರಿ ಬಟವಾಡೆ ದಿನ ದಿವಾನಜಿ ಒಂದ ಉದ್ದ ಫಾರ್ಮ್ ತುಂಬ್ಕೋತ ನಡಕ ನಡಕ ನೇಕಾರರ ಜೋಡಿ ಮಾತಾಡ್ಕೋತ ಅರ್ಧ ತಾಸ ಹಚ್ತಾನ, ಸೇವ್ ಒತ್ತಿದ ಕೂಡ್ಲೇ ಲಾಗಿನ್ ಪೇಜ್ ಬಂದು ತುಂಬಿದ್ದೆಲ್ಲಾ ಹೋತು ಅಂದ್ರ ಮರುದಿನ ಅವ ಕಾಗದದ ಕಿರ್ದಿಗೆ ತಿರುಗಿ ಹೋಗ್ತಾನ. ಫಾರ್ಮ್ ಸಣ್ಣ ಸಣ್ಣದ ಮಾಡಿ ಒಬ್ಬೊಬ್ಬ ನೇಕಾರಂದು ಸೇವ್ ಆಗೋಹಂಗ ಬರೀರಿ, ಇಲ್ಲಂದ್ರ ಟೈಮ್ ಒಂದ ತಾಸ ಮಾಡ್ರಿ. ಫ್ಲಾಸ್ಕ್-ಡಬ್ಲ್ಯುಟಿಎಫ್ ಸಿಎಸ್‌ಆರ್‌ಎಫ್ ಟೋಕನ್‌ಗೂ (ಬ್ಯಾರೆ ಸೈಟಿನವರು ನಿಮ್ಮ ಹೆಸರಲೆ ಫಾರ್ಮ್ ಕಳಸದಂಗ ತಡಿಯೋ ಗುರುತು, ಟೇಬಲ್‌ನ ಟೋಕನ್ ಕಾಲಂ ಅಲ್ಲ) ಅದರದೇ 3600 ಸೆಕೆಂಡ್ ಮಿತಿ ಐತಿ, ಡಬ್ಲ್ಯುಟಿಎಫ್_ಸಿಎಸ್‌ಆರ್‌ಎಫ್_ಟೈಮ್_ಲಿಮಿಟ್ ನನ್ ಮಾಡಿದ್ರ ಸೆಷನ್ ಇರೋಮಟ ಅದೂ ಇರ್ತೈತಿ. ಸಿಎಸ್‌ಆರ್‌ಎಫ್‌ಪ್ರೊಟೆಕ್ಟ್ ಆ್ಯಪಿಗೆ ಹಚ್ಚಿ, ಪ್ರತಿ ಫಾರ್ಮ್ ಒಳಗ ಟೋಕನ್ ಅಡಗಿಸಿ ಇಡೋದು ಮರೀಬ್ಯಾಡ್ರಿ.

ಉಳದದ್ದು ಲಗೂನ. ಸೆಷನ್_ಕುಕೀ_ಎಚ್‌ಟಿಟಿಪಿಓನ್ಲಿ ಮೊದಲ ಟ್ರೂನ ಐತಿ, ಮುಟ್ಟಬ್ಯಾಡ್ರಿ. ಸೆಷನ್_ಕುಕೀ_ಸೇಮ್‌ಸೈಟ್ "ಲ್ಯಾಕ್ಸ್" ಮಾಡ್ರಿ. ಸೆಷನ್_ಕುಕೀ_ಸೆಕ್ಯೂರ್ ಡೀಫಾಲ್ಟ್ ಫಾಲ್ಸ್, ಎಚ್‌ಟಿಟಿಪಿಎಸ್ ಇದ್ದಲ್ಲಿ ಟ್ರೂ ಮಾಡ್ರಿ. ಆದ್ರ ಅಂಗಡಿ ವೈಫೈ ಮ್ಯಾಲ 192.168 ವಿಳಾಸ ಹೊಡದು ಸಾದಾ ಎಚ್‌ಟಿಟಿಪಿಲೆ ನಡಸ್ತಿದ್ರ ಸೆಕ್ಯೂರ್ ಕುಕೀ ಬ್ರೌಸರ್ ಇಟ್ಕೊಳ್ಳಂಗಿಲ್ಲ, ಪಾಸ್‌ವರ್ಡ್ ಸರಿ, ಎರರ್ ಇಲ್ಲ, ಮತ್ತ ಲಾಗಿನ್ ಪೇಜನ ಬರ್ತೈತಿ. ಎಂಜಿನ್‌ಎಕ್ಸ್ (ಮುಂದ ನಿಂತು ರಿಕ್ವೆಸ್ಟ್ ತಗೊಂಡು ಆ್ಯಪಿಗೆ ದಾಟಿಸೋ ವೆಬ್ ಸರ್ವರ್) ಹಿಂದ ಆ್ಯಪ್ ಇಟ್ರ ಪ್ರಾಕ್ಸಿಫಿಕ್ಸ್ ಹಾಕ್ರಿ, ಇಲ್ಲಂದ್ರ ಫ್ಲಾಸ್ಕ್‌ಗೆ ತಾ ಎಚ್‌ಟಿಟಿಪಿಎಸ್ ಮ್ಯಾಲ ಅದೀನಿ ಅಂತ ಗೊತ್ತಾಗಂಗಿಲ್ಲ. ಸೆಷನ್_ಪ್ರೊಟೆಕ್ಷನ್ "ಸ್ಟ್ರಾಂಗ್" ಮಾಡ್ರಿ ಅಂತ ಭಾಳ ಮಂದಿ ಹೇಳ್ತಾರ, ಅದು ಐಪಿ ಅಥವಾ ಬ್ರೌಸರ್ ಗುರುತು ಬದಲಿ ಆದ್ರ ಪರ್ಮನೆಂಟ್ ಅಲ್ಲದ ಸೆಷನ್ ಅಳಸ್ತೈತಿ. ನಮ್ಮಂಗ ಸೆಷನ್.ಪರ್ಮನೆಂಟ್ ಟ್ರೂ ಇಟ್ರ ಅದು "ಬೇಸಿಕ್"ನಂಗನ ನಡೀತೈತಿ, ಉಪಯೋಗ ಇಲ್ಲ. ಟ್ರೂ ಇಡದವರಿಗೆ ಮಾತ್ರ ತ್ರಾಸ, ಮೊಬೈಲ್ ನೆಟ್ಟಿನ ಮ್ಯಾಲ ಐಪಿ ಬದಲಿ ಆಗ್ಕೋತನ ಇರ್ತೈತಿ, ಹುನಗುಂದಕ್ಕ ಬಸ್ಸಿನಾಗ ಹೊಂಟ ಸಾವಕಾರ ದಾರಿ ತುಂಬ ಲಾಗಿನ್ ಆಗ್ಕೋತ ಹೋಗ್ಬೇಕಾಗ್ತೈತಿ. ಡೀಫಾಲ್ಟ್ "ಬೇಸಿಕ್" ಸಾಕು.

ಲಾಗೌಟ್

ಬಟನ್ ದೊಡ್ಡದಿರ್ಲಿ, ಎಲ್ಲಾ ಪೇಜಿನ ಮ್ಯಾಲ ಬಲಕ್ಕ, ಬಾಜೂಕ ಈಗ ಒಳಗ ಇದ್ದವನ ಹೆಸರು. ಪೋಸ್ಟ್ ಮಾಡಿಸ್ರಿ, ಸಾದಾ ಲಿಂಕ್ ಬ್ಯಾಡ.

ಲಾಗೌಟ್_ಯೂಸರ್ ತನ್ನ ಗುರುತು ಅಷ್ಟ ತಗೀತೈತಿ, ನೀವು ಸೆಷನ್ ಒಳಗ ಇಟ್ಟ ಬಾಕಿದ್ದು ಹಂಗ ಉಳಿತೈತಿ, ದಿವಾನಜಿ ಹುಡುಕಿದ ನೇಕಾರನ ಹೆಸರು ಹುಡುಗನ ಪೇಜಿನಾಗ ಬರ್ತೈತಿ. ಅದಕ ಸೆಷನ್.ಕ್ಲಿಯರ್() ಹಾಕ್ರಿ, ಆದ್ರ ಲಾಗೌಟ್_ಯೂಸರ್‌ಗಿಂತ ಮೊದಲ. ಹಿಂದಿಂದ ಹಾಕಿದ್ರ, ರಿಮೆಂಬರ್ ಕುಕೀ ಅಳಸು ಅಂತ ಲೈಬ್ರರಿ ಸೆಷನ್ ಒಳಗ ಬರದಿಟ್ಟ ಗುರುತನ್ನೂ ಅದ ಒರಸ್ತೈತಿ, "ನೆನಪಿಡು" ಇಟ್ಟವರ ಕಡೆ ಲಾಗೌಟ್ ಆದ ಮನಷಾ ಮುಂದಿನ ಕ್ಲಿಕ್ಕಿಗೆ ಮತ್ತ ಒಳಗ.

ಲಾಗೌಟ್ ಆದ ಮ್ಯಾಲ ಬ್ಯಾಕ್ ಒತ್ತಿದ್ರ ಹಳೇ ಪೇಜ್ ಕಾಣ್ತೈತಲ್ಲ, ಅದು ಬ್ರೌಸರ್ ನೆನಪಿಂದ ಬಂದದ್ದು. ಆಫ್ಟರ್_ರಿಕ್ವೆಸ್ಟ್ ಒಳಗ ಕ್ಯಾಶ್-ಕಂಟ್ರೋಲ್ ಹೆಡರ್‌ಗೆ ನೋ-ಸ್ಟೋರ್ ಹಾಕ್ರಿ, ಚಿತ್ರ, ಸಿಎಸ್‌ಎಸ್ ಬಿಟ್ಟು.

ಯಾರಿಗೆ ಏನು ಕಾಣ್ಬೇಕು

ಲಾಗಿನ್_ರಿಕ್ವೈರ್ಡ್ ಒಳಗ ಬಂದಾನೋ ಇಲ್ಲೋ ಅಷ್ಟ ನೋಡ್ತೈತಿ, ಹುಡುಗನೋ ಸಾವಕಾರನೋ ಅಂತ ನೋಡಂಗಿಲ್ಲ. ರೋಲ್ ನೋಡೋ ಡೆಕೋರೇಟರ್ (ಫಂಕ್ಷನ್ ಮ್ಯಾಲ @ ಹಾಕಿ ಬರಿಯೋ ಸಾಲು) ನೀವ ಬರೀಬೇಕು, ಕರೆಂಟ್_ಯೂಸರ್.ರೋಲ್ ಪಟ್ಟಿಯಾಗ ಇಲ್ಲಂದ್ರ ಅಬಾರ್ಟ್(403), ಅಂದ್ರ "ನಿನಗ ಪರವಾನಗಿ ಇಲ್ಲ". ರೇಟ್ ಕಾಲಂ ಟೆಂಪ್ಲೇಟ್‌ನಾಗ ಮುಚ್ಚಿದ್ರ ಸಾಲಂಗಿಲ್ಲ, ಹುಡುಗಗ ಕಳಿಸೋ ಡೇಟಾದಾಗನ ಅದು ಇರಬಾರದು.

ಡೆಕೋರೇಟರ್ ಸಾಲು ಹಿಂದ ಮುಂದ ಮಾಡಬ್ಯಾಡ್ರಿ. ಆ್ಯಪ್.ರೂಟ್ ಎಲ್ಲಾಕಿಂತ ಮ್ಯಾಲ, ಅದರ ಕೆಳಗ ಲಾಗಿನ್_ರಿಕ್ವೈರ್ಡ್, ಅದರ ಕೆಳಗ ರೋಲ್. ಲಾಗಿನ್_ರಿಕ್ವೈರ್ಡ್ ಮ್ಯಾಲ ಹೋತು ಅಂದ್ರ ಫ್ಲಾಸ್ಕ್ ಕಾವಲು ಇಲ್ಲದ ಫಂಕ್ಷನ್‌ನ ರಿಜಿಸ್ಟರ್ ಮಾಡ್ಕೊಂಡಿರ್ತೈತಿ, ಎರರ್ ಬರಂಗಿಲ್ಲ, ನೋಡಾಕ ಎಲ್ಲಾ ಸರಿ ಕಾಣ್ತೈತಿ, ಪೇಜ್ ಮಾತ್ರ ಊರಿಗೆಲ್ಲಾ ತೆರದಿರ್ತೈತಿ.

ಪಾಸ್‌ವರ್ಡ್ ಮರತವರಿಗೆ ಇಮೇಲ್ ಕಳಸೋದು ಇಲ್ಲಿ ನಡಿಯಂಗಿಲ್ಲ, ಹುಡುಗಗ ಇಮೇಲ್ ಇದ್ರೂ ಅದರ ಪಾಸ್‌ವರ್ಡ್ ಅವಗ ಗೊತ್ತಿರಂಗಿಲ್ಲ. ಎಸ್ಎಂಎಸ್ ಓಟಿಪಿ ಅಂದ್ರ ಡಿಎಲ್‌ಟಿ (ಎಸ್ಎಂಎಸ್ ಕಳಸೋ ಧಂದೆದವರು ಹೆಸರು ನೋಂದಸೋ ವ್ಯವಸ್ಥೆ) ರಿಜಿಸ್ಟ್ರೇಶನ್, ಟೆಂಪ್ಲೇಟ್ ಮಂಜೂರಿ ಅಂತ ತಿರುಗಬೇಕು, ನಾಕ ಮಂದಿ ಅಂಗಡಿಗೆ ಅಷ್ಟ ತ್ರಾಸ ಯಾಕ. ಸಾವಕಾರನ ಪೇಜಿನಾಗ "ಹೊಸಾ ಪಾಸ್‌ವರ್ಡ್ ಕೊಡು" ಬಟನ್ ಇಡ್ರಿ, ಸಾವಕಾರಂದ ಮರತ್ರ ಸರ್ವರ್ ಮ್ಯಾಲ ಓಡಸಾಕ ಒಂದ ಫ್ಲಾಸ್ಕ್ ಕಮಾಂಡ್ ಬರದ ಇಡ್ರಿ. ಎರಡರಾಗೂ ಟೋಕನ್ ಹೊಸಾದ ಆಗ್ಬೇಕು.

ಕೊಡೋಕಿಂತ ಮೊದಲ ಎರಡ ಬ್ರೌಸರ್ ತಗದು ಒಂದರಾಗ ಹುಡುಗ, ಒಂದರಾಗ ಸಾವಕಾರ ಆಗಿ ಕೂಡ್ರಿ. ಸಾವಕಾರನ ರೇಟ್ ಪೇಜಿನ ವಿಳಾಸ ಕಾಪಿ ಮಾಡಿ ಹುಡುಗನ ಕಡೆ ಹಾಕ್ರಿ, 403 ಬರಬೇಕು. ಅದನ್ನ ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ಒಳಗ ಹಾಕ್ರಿ, ಲಾಗಿನ್ ಪೇಜ್ ಬರಬೇಕು. ಸಾವಕಾರನ ಕಡೆಯಿಂದ ಹುಡುಗನ ಚಾಲ್ತಿ ಬಂದ್ ಮಾಡ್ರಿ, ಹುಡುಗನ ಮುಂದಿನ ಕ್ಲಿಕ್ಕಿಗೆ ಹೊರಗ ಬೀಳಬೇಕು. ಗುನಿಕಾರ್ನ್ ರಿಸ್ಟಾರ್ಟ್ ಮಾಡ್ರಿ, ಸಾವಕಾರ ಒಳಗ ಉಳೀಬೇಕು. ಎಲ್ಲಾ ಆದ್ರ ಪಿಪ್ ಫ್ರೀಜ್ ಹೊಡದು ವರ್ಶನ್ ನಂಬರ್ ರಿಕ್ವೈರ್‌ಮೆಂಟ್ಸ್ ಫೈಲಿನಾಗ ಹಿಡದ ಇಡ್ರಿ, ಆಮ್ಯಾಲ ಸರ್ವರ್‌ಗೆ ಏರಸ್ರಿ.